ಗದ್ದೆಪ್ಪನ ಕಾರಿಗೆ ರುಮಾಲು ಸುತ್ತಿದ್ದು

ಬಳಗಾನೂರಿನ ಗದ್ದೆಪ್ಪನಿಗೆ ಮೂವತ್ತಾರು ತುಂಬಿದರೂ ಮದುವೆಯಾಗಿರಲಿಲ್ಲ. ತಪ್ಪು ಅವನದಲ್ಲ, ಅವನ ಅಂಬಾಸಿಡರ್ ಕಾರಿನದು. ಮಸ್ಕಿ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ನಿಲ್ಲುತ್ತಿದ್ದ ಆ ಪೆಟ್ರೋಲ್ ಕಾರು ವಯಸ್ಸಿನಲ್ಲಿ ಅವನಿಗಿಂತ ಚಿಕ್ಕದು, ದಮ್ಮು ಕೆಮ್ಮಿನಲ್ಲಿ ಅವನ ಅಜ್ಜನಷ್ಟು ದೊಡ್ಡದು. ಎರಡು ಸಲ ಹೆಣ್ಣು ಗೊತ್ತಾಗಿತ್ತು. ಎರಡೂ ಸಲ ದಾರಿಯಲ್ಲಿ ಕಾರು ಕೈಕೊಟ್ಟು, ಮದುಮಗ ಹಂದರ ಬಿಚ್ಚುವ ಹೊತ್ತಿಗೆ ಬಂದಿದ್ದ. ಮೊದಲನೇ ಸಲ ಅದು ಎಷ್ಟು ಹೊತ್ತು ನಿಂತಿತ್ತೆಂದರೆ, ಅದರ ನೆರಳಿನಲ್ಲಿ ಒಂದು ಎಮ್ಮೆ ಈದು, ಕರು ಎದ್ದು, ಮೈ ಝಾಡಿಸಿಕೊಂಡು, ನಮಗಿಂತ ಮೊದಲು ಮದುವೆಯೂಟಕ್ಕೆ ಹೋಗಿ ಮುಟ್ಟಿತು. ಗೆಳೆಯನೆಂದು ನಾನೂ ಕಾರಿನಲ್ಲೇ ಕೂತಿದ್ದೆ, ಕಣ್ಣಾರೆ ಕಂಡಿದ್ದೇನೆ. ನಂಬದವರು ಕರುವನ್ನೇ ಕೇಳಲಿ.

ಎಂಬತ್ತೇಳರ ಬೇಸಿಗೆಯಲ್ಲಿ ಮೂರನೇ ಸಂಬಂಧ ಕೂಡಿಬಂತು. ಗುರುಗುಂಟಾದ ವೆಂಕೋಬನ ಮಗಳು ಕರೆಮ್ಮ. ವೆಂಕೋಬ ಖಡಕ್ ಮನುಷ್ಯ. ಮದುಮಗನಿಗೆ ಕೆಂಪು ರುಮಾಲು ಉಡುಗೊರೆ ಕೊಡುವಾಗಲೇ ಕರಾರು ಹಾಕಿದ.

“ಹನ್ನೆರಡಕ್ಕ ಅಕ್ಕಿಕಾಳು. ಹನ್ನೆರಡಕ್ಕ ಒಂದು ನಿಮಿಷ ಹೆಚ್ಚಾತು ಅಂದ್ರ ನನ್ನ ಮಗಳು ಒಳಗ, ನೀ ಹೊರಗ. ಮತ್ತ, ಈ ರುಮಾಲ ನಿನ್ನ ತಲಿ ಮ್ಯಾಲಿರಬೇಕು. ಬರಿತಲಿ ಮದಿಮಗ ನಮ್ಮನ್ಯಾಗ ನಡಿಯಂಗಿಲ್ಲ.”

ಮಂದಿಯೆಲ್ಲ ಹಿಂದಿನ ದಿನವೇ ಟ್ರ್ಯಾಕ್ಟರಿನಲ್ಲಿ ಹೊರಟರು. ಗದ್ದೆಪ್ಪ ಹತ್ತಲಿಲ್ಲ. ಸ್ವಂತ ಕಾರಿದ್ದವನು ಟ್ರ್ಯಾಕ್ಟರ್ ಹತ್ತಿದರೆ ಕಾರಿನ ಮನಸ್ಸಿಗೆ ಏನನ್ನಿಸಬೇಡ? ಅದೂ ಅಲ್ಲದೆ ಅವನ ತಲೆಯಲ್ಲಿ ಒಂದು ಉಪಾಯ ಮೊಳೆತಿತ್ತು. ಸಿಂಧನೂರಿನ ಅಕ್ಕಿ ಗಿರಣಿಯ ಮಾಲೀಕರೊಬ್ಬರು ತಮ್ಮ ಕಾರಿನ ಎಂಜಿನ್ನಿಗೆ ಗಾಳಿ ಸೋಸಿ ಬಿಡುವ ಹಳೆಯ ಗಾಳಿ ಡಬ್ಬಿ ಬಿಚ್ಚಿಸಿ, ಹೈದರಾಬಾದಿನಿಂದ ತಂದ ಫಳಫಳ ಹೊಳೆಯುವ ಗಾಳಿ ಕೊಳವೆ ಹಾಕಿಸಿದ್ದರು. ಗಾಳಿ ಸಲೀಸಾಗಿ ಒಳಗೆ ಹೋದರೆ ಓಟ ಹೆಚ್ಚುತ್ತದಂತೆ. ಗದ್ದೆಪ್ಪ ಹುಟ್ಟಾ ಒಕ್ಕಲಿಗ. ಗಾಳಿ ಬಂದಾಗ ತೂರಿಕೊಳ್ಳಬೇಕು, ಗಾಳಿ ಎಂದೂ ಹೆಚ್ಚಾಗುವುದಿಲ್ಲ ಎಂದು ಕಣದಲ್ಲಿ ಕಲಿತವನು. ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವ ಮಲೀಕಸಾಬನಿಂದ ಒಂದು ಭೋಂಗಾ, ಅದೇ ಅಗಲ ಬಾಯಿಯ ತಗಡಿನ ಕಹಳೆ, ತಂದ. ತನ್ನ ಕಾರಿನ ಗಾಳಿ ಡಬ್ಬಿಯನ್ನೂ ಬಿಚ್ಚಿ, ಬಾನೆಟ್ಟಿಗೆ ತೂತು ಕೊರೆದು, ಭೋಂಗಾದ ಬುಡವನ್ನು ಕಾರ್ಬರೇಟರಿಗೆ ಪಟ್ಟಿ ಹಾಕಿ ಬಿಗಿದು, ಬಾಯಿಯನ್ನು ರಸ್ತೆಯ ಕಡೆಗೆ ತಿರುಗಿಸಿದ. ಮದುವೆಯ ಹಿಂದಿನ ದಿನ ಅದನ್ನು ಸಿಂಧನೂರಿನ ಬುಡ್ಡೇಸಾಬ್ ಮೇಸ್ತ್ರಿಗೆ ತೋರಿಸಲು ಹೋದ.

“ಇದೇನಲೇ ಗದ್ದೆಪ್ಪ? ಎಲೆಕ್ಷನ್ನಿಗೆ ನಿಂತೀಯೇನು?”

“ಗಾಳಿ ಮೇಸ್ತ್ರಿ, ಗಾಳಿ! ಗಾಳಿ ಜೋರು ಇದ್ರ ಕಣದಾಗ ಕೆಲಸ ಜಲ್ದಿ ಆಗ್ತೈತಿಲ್ಲೋ? ಎಂಜಿನ್ನಿಗೂ ಹಂಗ.”

“ಅದು ಕಣ ಅಲ್ಲೋ ಮಾರಾಯ. ಎಂಜಿನ್ನು ಗಾಳಿ, ಪೆಟ್ರೋಲು ಎರಡೂ ಕಲಸಿ ಉಣ್ತೈತಿ. ಅದಕ್ಕೊಂದು ಹದ ಐತಿ. ಗಾಳಿ ಹೆಚ್ಚು ನೂಕಿದ್ರ ಪೆಟ್ರೋಲೂ ಹೆಚ್ಚು ಬರಬೇಕು. ಕಾರ್ಬರೇಟರ್‌ದಾಗಿನ ಜೆಟ್ಟು ಅಂದ್ರ ಸೂಜಿಯಷ್ಟು ತೂತು. ಅದು ಬಿಡೋದು ಬಿಟ್ಟಷ್ಟೇ. ನಿನ್ನ ಭೋಂಗಾಕ್ಕ ದೊಡ್ಡ ಜೆಟ್ಟು ಬೇಕು. ರಾಯಚೂರಿಂದ ತರಿಸಾಕ ಎಂಟು ದಿನ.”

“ಮದುವಿ ನಾಳಿ ಐತಿ.”

“ಹಂಗಾರ ಮೆಲ್ಲಕ ಹೋಗು. ಜೋರು ಹೋದಷ್ಟೂ ಎದುರುಗಾಳಿ ನುಗ್ಗತೈತಿ. ಬರೇ ಗಾಳಿ ನುಂಗಿ ಎಂಜಿನ್ನು ಕಾಯ್ತೈತಿ, ತಿರುಗಿ ಕೆಮ್ಮತೈತಿ.”

“ಮೆಲ್ಲಕ ಹೋಗೋದಿದ್ರ ಭೋಂಗಾ ಯಾಕ ಹಾಕ್ತಿದ್ದೆ?”

ಬುಡ್ಡೇಸಾಬ್ ನಟ್ಟು ಬಿಚ್ಚುವ ಪಾನಾಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಮುಚ್ಚಿದ.

ಮರುದಿನ ಬೆಳಿಗ್ಗೆ ಬಳಗಾನೂರು ಬಿಟ್ಟೆವು. ಮುಂದೆ ಬಾಸಿಂಗ, ಕೆಂಪು ರುಮಾಲಿನಲ್ಲಿ ಗದ್ದೆಪ್ಪ, ಪಕ್ಕದಲ್ಲಿ ನಾನು, ಹಿಂದೆ ಅವನ ತಾಯಿ ಸೂಗಮ್ಮ. ಮಸ್ಕಿಯವರೆಗೆ ರಸ್ತೆ ಕೆಟ್ಟಿತ್ತು, ನಡೆದಂತೆ ಹೋದೆವು, ಕಾರು ಚೆಂದಾಗೇ ಇತ್ತು. ಮಸ್ಕಿ ದಾಟಿ ರಸ್ತೆ ನೆಟ್ಟಗಾಯಿತು ನೋಡಿ, ಗದ್ದೆಪ್ಪ ಒತ್ತಿದ.

ಢಮಾರ್!

ಎಂಜಿನ್ನಿನ ಕೆಮ್ಮು ಕಾರ್ಬರೇಟರಿನಿಂದ ವಾಪಸು ಬಂದು ಭೋಂಗಾದಲ್ಲಿ ಹೊರಬಿತ್ತು. ಬರೀ ಕೆಮ್ಮಲ್ಲ, ಲೌಡ್‌ಸ್ಪೀಕರ್ ಕೆಮ್ಮು. ಮೊದಲ ಢಮಾರ್‌ಗೆ ಮಸ್ಕಿ ಬೆಟ್ಟದ ಮಂಗಗಳು ಹೆಂಡಿರು ಮಕ್ಕಳ ಸಮೇತ ಕವಿತಾಳಕ್ಕೆ ಗುಳೆ ಹೋದವು. ಎರಡನೆಯದಕ್ಕೆ ಒಬ್ಬ ಮುದುಕನ ಬಾಯೊಳಗಿನ ಹಲ್ಲುನೋವು ಪಕ್ಕದಲ್ಲಿ ಕೂತವನಿಗೆ ದಾಟಿತು. ಮೂರನೆಯದಕ್ಕೆ ಎಂಜಿನ್ ಬಂದ್.

ಮೆಲ್ಲಗೆ ಹೋದರೆ ಓಡುತ್ತದೆ, ಜೋರು ಹೋದರೆ ಢಮಾರ್. ಹೀಗೆ ಕೆಮ್ಮುತ್ತ, ನಿಲ್ಲುತ್ತ ಲಿಂಗಸುಗೂರು ಮೂರು ಮೈಲಿ ಇರುವಾಗ ಹನ್ನೊಂದೂಕಾಲು. ಅಲ್ಲಿಂದ ಗುರುಗುಂಟಾ ಇನ್ನೂ ದೂರ. ಚೋಕ್ ಎಳೆದಿದ್ದರೆ ಪೆಟ್ರೋಲ್ ಸ್ವಲ್ಪ ಹೆಚ್ಚು ಇಳಿಯುತ್ತಿತ್ತು. ಆದರೆ ಚೋಕಿನ ತಂತಿ ಮೂರು ವರ್ಷದಿಂದ ಗದ್ದೆಪ್ಪನ ಅಂಗಳದಲ್ಲಿತ್ತು, ಅದರ ಮೇಲೆ ಬಟ್ಟೆ ಒಣಗುತ್ತಿದ್ದವು.

ಗದ್ದೆಪ್ಪ ಸ್ಟೇರಿಂಗ್ ಮೇಲೆ ತಲೆಯಿಟ್ಟ. “ಹೋತು. ಇದೂ ಹೋತು. ಇನ್ನ ನನಗ ಹೆಣ್ಣು ಕೊಡಾಕ ಯಾವೂರೂ ಉಳಿದಿಲ್ಲ.”

“ಅಳಬ್ಯಾಡ, ಬಾಸಿಂಗ ತೊಯ್ತೈತಿ,” ಎಂದಳು ಸೂಗಮ್ಮ. “ಏನಾಗೇತಿ, ನನಗ ತಿಳಿಯಂಗ ಹೇಳು.”

“ಗಾಳಿ ಹೆಚ್ಚಾಗೇತಿ. ಪೆಟ್ರೋಲ್ ಸಾಲವಲ್ದು.”

“ಅಂದ್ರ ಹಿಟ್ಟು ಹೆಚ್ಚು, ಎಸರು ಕಡಿಮಿ. ರೊಟ್ಟಿ ಬಿರಿಯದ ಏನು ಮಾಡೀತು? ಇನ್ನೊಂದೀಟು ಎಸರು ಹಾಕು.”

“ಹಾಕಾಕ ಬರಂಗಿಲ್ಲಬೇ! ತೂತು ಸಣ್ಣದೈತಿ.”

“ಹಂಗಾರ ಹಿಟ್ಟು ಕಡಿಮಿ ಮಾಡಲೇ ಖೋಡಿ! ಅದರ ಬಾಯಿಗೆ ಅರಿವಿ ಕಟ್ಟು.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮೊದಲು ನನ್ನ ಟವೆಲ್ಲು ಕಟ್ಟಿದೆವು. ತೀರಾ ತೆಳು, ಗಾಳಿ ತಡೆಯಲಿಲ್ಲ. ಮುಂದಿನ ಢಮಾರ್‌ಗೆ ಅದು ಮೇಲೆ ಹಾರಿತು, ಇನ್ನೂ ಕೆಳಗೆ ಬಂದಿಲ್ಲ. ದಪ್ಪ ಅರಿವೆ ಎಂದರೆ ಒಂದೇ, ಗದ್ದೆಪ್ಪನ ತಲೆಯ ಮೇಲಿನ ರುಮಾಲು.

“ಬರಿತಲೀಲೆ ಹೋದ್ರ ಮಾವ ಒಳಗ ಬಿಡಂಗಿಲ್ಲ.”

“ತಡಾ ಮಾಡಿ ಹೋದ್ರೂ ಬಿಡಂಗಿಲ್ಲ. ಬಿಚ್ಚು,” ಎಂದಳು ಸೂಗಮ್ಮ.

ರುಮಾಲನ್ನು ಭೋಂಗಾದ ಬಾಯಿಗೆ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದ. ಗಾಡಿ ಶುರುವಾಯಿತು. ಒತ್ತಿದ. ಢಮಾರ್ ಇಲ್ಲ. ಇನ್ನಷ್ಟು ಒತ್ತಿದ. ನುಗ್ಗುವ ಗಾಳಿಯನ್ನು ಅರಿವೆ ತಡೆಯಿತು, ಸೋಸಿ ಹೋದಷ್ಟು ಗಾಳಿಗೆ ಪೆಟ್ರೋಲು ಸರಿಹೋಯಿತು. ಎಂಜಿನ್ನು ಬೆಲ್ಲ ತಿಂದ ಎತ್ತಿನಂತೆ ಎಳೆಯತೊಡಗಿತು. ಲಿಂಗಸುಗೂರನ್ನು ನಾವು ನೋಡಲೇ ಇಲ್ಲ. ಎಡಕ್ಕೆ ಒಂದು ಚಹಾದ ವಾಸನೆ ಬಂದು ಹೋಯಿತು, ಅದೇ ಇರಬೇಕು. ನಮ್ಮ ನೆರಳು ಹಿಂದೆ ಬಿದ್ದು, “ನಿಲ್ರೋ, ನಿಲ್ರೋ” ಎಂದು ಓಡಿಬರುತ್ತಿತ್ತು.

ಗುರುಗುಂಟಾದ ಹಂದರದ ಮುಂದೆ ನಿಂತಾಗ ಹನ್ನೆರಡಕ್ಕೆ ಆರು ನಿಮಿಷವಿತ್ತು. ಗದ್ದೆಪ್ಪ ಇಳಿದು ರುಮಾಲು ಎಳೆದ. ಬರಲಿಲ್ಲ. ಎಂಜಿನ್ನು ಅದನ್ನು ಭೋಂಗಾದ ಕುತ್ತಿಗೆಯವರೆಗೆ ಹೀರಿಕೊಂಡಿತ್ತು. ನಾನು ಎಳೆದೆ, ನಾಲ್ಕು ಮಂದಿ ಬೀಗರು ಸೇರಿ ಎಳೆದರು. ಕಾರು ಮುಂದೆ ಬಂತು, ರುಮಾಲು ಬರಲಿಲ್ಲ.

ವೆಂಕೋಬ ಹಂದರದ ಬಾಗಿಲಲ್ಲಿ ಕೈ ಅಡ್ಡ ಹಿಡಿದು ನಿಂತ. “ನಾ ಕೊಟ್ಟ ರುಮಾಲ ಎಲ್ಲೈತಿ?”

“ಮಾವ, ಅದನ್ನ ಕಾರು ಸುತ್ತಿಕೊಂಡೈತಿ.”

“ಹಂಗಾರ ಕಾರಿಗೇ ಮದುವಿ ಮಾಡಲೇನು? ಕರಾರು ಅಂದ್ರ ಕರಾರು. ರುಮಾಲ ತಲಿ ಮ್ಯಾಲಿರಬೇಕು.”

ಹನ್ನೆರಡಕ್ಕೆ ಎರಡು ನಿಮಿಷ. ಗದ್ದೆಪ್ಪ ಡಿಕ್ಕಿಯಿಂದ ಪಾನಾ ತಂದು, ಪಟ್ಟಿ ಸಡಿಲಿಸಿ, ಭೋಂಗಾವನ್ನು ರುಮಾಲು ಸಮೇತ ಕಿತ್ತು, ಬುಡ ಕೆಳಗೆ ಬಾಯಿ ಮೇಲೆ ಮಾಡಿ ತಲೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು ನಿಂತ. ಹಂದರಕ್ಕಿಂತ ಒಂದು ಮೊಳ ಎತ್ತರವಾದ.

“ಇದೇನು ವೇಷ?” ಎಂದ ವೆಂಕೋಬ.

ಸೂಗಮ್ಮ ಮುಂದೆ ಬಂದಳು. “ಬೀಗರ, ರುಮಾಲ ಐತಿಲ್ಲರೀ? ತಲಿ ಮ್ಯಾಲ ಐತಿಲ್ಲರೀ? ನಡುವ ಏನೈತಿ ಅಂತ ಯಾವ ಶಾಸ್ತ್ರದಾಗ ಕೇಳ್ಯಾರ?”

ವೆಂಕೋಬ ಮದುವೆ ಮಾಡಿಸಲು ಬಂದಿದ್ದ ಅಯ್ಯನವರ ಮುಖ ನೋಡಿದ. ಅಯ್ಯನವರು ಗಡಿಯಾರ ನೋಡಿದರು. ಒಳಗಿಂದ ಕರೆಮ್ಮನ ನಗು ಕೇಳಿತು. “ಯಪ್ಪಾ, ಬಿಡು ಒಳಗ. ಇಷ್ಟು ಹೊತ್ಕೊಂಡು ಬಂದವ ನನ್ನ ಸಂಸಾರ ಹೊರಂಗಿಲ್ಲೇನು?”

ಅಕ್ಕಿಕಾಳು ಬಿತ್ತು, ಹನ್ನೆರಡಕ್ಕೆ ಸರಿಯಾಗಿ. ಬೇರೆ ಮದುಮಕ್ಕಳಿಗೆ ನಾಲ್ಕು ಕಾಳು ತಲೆಗೆ, ಉಳಿದದ್ದು ನೆಲಕ್ಕೆ. ಗದ್ದೆಪ್ಪನಿಗೆ ಊರಿನ ಒಂದು ಕಾಳೂ ತಪ್ಪಲಿಲ್ಲ, ಎಲ್ಲ ಭೋಂಗಾಕ್ಕೇ ಬಿತ್ತು. ಸುರುವಿ ಅಳೆದರೆ ಎರಡು ಸೇರು.

ವಾಪಸು ಬರುವಾಗ ಹಳೆಯ ಗಾಳಿ ಡಬ್ಬಿಯನ್ನೇ ಕಾರಿಗೆ ಕೂರಿಸಿದೆವು. ಸೂಗಮ್ಮ ಅದರಲ್ಲಿ ರೊಟ್ಟಿ ಕಟ್ಟಿಕೊಂಡು ಬಂದಿದ್ದರಿಂದ ಪುಣ್ಯಕ್ಕೆ ಜೊತೆಗೇ ಇತ್ತು. ಮುಂದೆ ಎಂಟೊಂಬತ್ತು ವರ್ಷ ಗದ್ದೆಪ್ಪ ಮಸ್ಕಿ ಸ್ಟ್ಯಾಂಡಿನಲ್ಲೇ ಬಾಡಿಗೆ ಹೊಡೆದ, ಒಂದು ಮದುವೆಗೂ ತಡಮಾಡಿಸಲಿಲ್ಲ.

ಹೊಸ ಸೊಸೆ ಕರೆಮ್ಮ ಬಳಗಾನೂರಿನಲ್ಲಿ ಮೊದಲ ಅಡುಗೆ ಮಾಡಿದ್ದು ಆ ಎರಡು ಸೇರು ಅಕ್ಕಿಯಲ್ಲೇ. ಬಾಯಿಗಿಟ್ಟರೆ ಪೆಟ್ರೋಲ್ ವಾಸನೆ. ನಾನು ಒಂದು ತುತ್ತಿಗೇ ಕೈ ತೊಳೆದೆ. ಗದ್ದೆಪ್ಪ ಮೂರು ಸಲ ಹಾಕಿಸಿಕೊಂಡ.

“ಹೆಂಗಾಗೇತ್ರೀ?” ಎಂದು ಕರೆಮ್ಮ ಬಾಗಿಲ ಮರೆಯಿಂದ ಕೇಳಿದಳು.

“ಹದ ಬರೋಬ್ಬರಿ ಐತಿ,” ಎಂದ ಗದ್ದೆಪ್ಪ, “ಜರಾ ಗಾಳಿ ಆಡಾಕ ಕಿಟಕಿ ತಗಿ.”