ನಾಯಿಗಾಗಿ ಅತ್ತ ಆಬೇದಾ

ಬಡವ-ಬಲ್ಲಿದರ ಅಂತರವನ್ನು ನನ್ನಷ್ಟು ಸೂಕ್ಷ್ಮವಾಗಿ ಕಂಡ ನಿರ್ದೇಶಕರು ವಿರಳ ಎಂದು ಪತ್ರಿಕೆಗಳು ಬರೆದಿವೆ. ನಾನೂ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆ ಹೆಸರು ತಂದುಕೊಟ್ಟದ್ದು ಹನ್ನೊಂದು ನಿಮಿಷದ ನನ್ನ ಮೊದಲ ಕಿರುಚಿತ್ರ. ಆ ಚಿತ್ರವನ್ನು ಗೆಲ್ಲಿಸಿದವಳು ಆಬೇದಾ.

ಆಬೇದಾ ಕಮಠಾಣದವಳು. ಆಟೋ ಓಡಿಸುತ್ತಿದ್ದ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಬೀದರಿನ ಮೈಲೂರಿನಲ್ಲಿ ನಾಲ್ಕು ಮನೆಗಳ ಮುಸುರೆ ತಿಕ್ಕುತ್ತಿದ್ದಳು. ಅದರಲ್ಲಿ ನಮ್ಮದೂ ಒಂದು. ಉಳಿದ ಮೂರು ಮನೆಯೊಡತಿಯರ ನಡಿಗೆ, ಸಿಡುಕು ಎಲ್ಲವನ್ನೂ ನಮ್ಮ ಅಡುಗೆಮನೆಯಲ್ಲಿ ನಕಲು ಮಾಡಿ ತೋರಿಸುತ್ತಿದ್ದಳು. ಉಳಿದ ಮನೆಗಳಲ್ಲಿ ಏನು ತೋರಿಸುತ್ತಿದ್ದಳೋ ನಾವು ಕೇಳಲಿಲ್ಲ.

ನನ್ನ ಚಿತ್ರದಲ್ಲಿ ಶ್ರೀಮಂತರ ನಾಯಿ ಸಾಯುತ್ತದೆ. ಮನೆಯವರಿಗೆ ಅಳಲು ಪುರಸೊತ್ತಿಲ್ಲ. ಬಂದವರೆದುರು ಅಳುವ ಕೆಲಸ ಕೆಲಸದಾಕೆಗೆ ಬೀಳುತ್ತದೆ. ಆಬೇದಾಳಿಗೆ ಪಾತ್ರ ವಿವರಿಸಿದೆ.

"ನಾಯಿಗಿ ಅಳಬೇಕೇನ್ರಿ ವಿಲ್ಸನ ಸರ್? ನನ್ನ ಗಂಡ ಸತ್ತಾಗ ನಿಮ್ಮ ಮಮ್ಮಿ ಮೂರೇ ದಿನ ಸೂಟಿ ಕೊಟ್ಟಿದ್ರು. ಆಗ ಉಳದಿದ್ದು ಈಗ ಅಳ್ತೇನಿ ತಗೋರಿ."

ನನಗೆ ನಾಚಿಕೆಯಾಗಬೇಕಿತ್ತು. ಖುಷಿಯಾಯಿತು. ಮಾತನ್ನು ಹಾಗೇ ಬರೆದುಕೊಂಡು ಚಿತ್ರದಲ್ಲಿ ಅವಳಿಂದಲೇ ಹೇಳಿಸಿದೆ. ಅವಳು ಅತ್ತಾಗ ಕ್ಯಾಮೆರಾ ಹಿಡಿದಿದ್ದ ಗೆಳೆಯ ಜಾನ್ಸನ್ ಕಣ್ಣೊರೆಸಿಕೊಂಡ. ನಾನು ಮಾತ್ರ, "ಲೈಟ್ ಸರಿ ಇಲ್ಲ, ಇನ್ನೊಮ್ಮೆ ಅಳು" ಎಂದೆ. ನಾಲ್ಕು ಸಲ ಅಳಿಸಿದೆ. ಎಡಿಟಿಂಗ್ ಮಾಡುವಾಗ, ಊಟದ ಹೊತ್ತಿನಲ್ಲಿ ಜಾನ್ಸನ್ ತೆಗೆದಿದ್ದ ಒಂದು ಶಾಟ್‌ನ ಹಿನ್ನೆಲೆಯಲ್ಲಿ, ನಾವೆಲ್ಲ ಟೇಬಲ್ಲಿಗೆ ಕೂತು ಬಿರಿಯಾನಿ ತಿನ್ನುತ್ತಿದ್ದರೆ ಆಬೇದಾ ಬಾಗಿಲ ಬಳಿ ನೆಲದ ಮೇಲೆ ಕೂತು ಉಣ್ಣುತ್ತಿರುವುದು ಕಂಡಿತು. ಚಿತ್ರದ ಆಶಯಕ್ಕೆ ಧಕ್ಕೆಯಾಗುತ್ತದೆಂದು ಅದನ್ನು ತೆಗೆದುಹಾಕಿದೆ.

ಪ್ರಶಸ್ತಿ ಬಂತು. ಭಾಲ್ಕಿಯ ಒಂದು ಕಾಲೇಜಿನಲ್ಲಿ ಪ್ರದರ್ಶನವಿತ್ತು. ಆಬೇದಾಳೂ ಬಸ್ಸಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತಳು. ಸೂಟಿಯ ಆ ಮಾತು ಹೇಗೆ ಹೊಳೆಯಿತೆಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. "ಜನರ ನಡುವೆ ಬದುಕಿದರೆ ಮಾತು ತಾನಾಗಿ ಬರುತ್ತದೆ" ಎಂದೆ, ಗಂಭೀರವಾಗಿ.

ಆಬೇದಾ ಎದ್ದು ನಿಂತಳು. "ಸರ್ ಹೇಳೂದು ಖರೇನ ಐತ್ರಿ. ನಾ ಹೇಳಿದ್ದೆ, ಅವ್ರು ಲಗೂನ ಬರಕೊಂಡ್ರು."

ಇಡೀ ಚಿತ್ರಕ್ಕೆ ಬಾರದಷ್ಟು ನಗು ಆಗ ಬಂತು. ನಾನೂ ನಕ್ಕೆ, ನಟನೆ ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ವಾರದೊಳಗೆ ಚಿತ್ರದ ಹೆಸರುಪಟ್ಟಿ ಬದಲಿಸಿ 'ಸಂಭಾಷಣೆ: ಆಬೇದಾ' ಎಂದು ಹಾಕಿದೆ. ಧೈರ್ಯ ಸಾಲದೆ ಕೆಳಗೆ ನನ್ನ ಹೆಸರನ್ನೂ ಉಳಿಸಿಕೊಂಡೆ.

ಈಗ ಆಬೇದಾ ಔರಾದಿನ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಮುಖ್ಯ ಅಡುಗೆಯವಳು. ಹೋದ ತಿಂಗಳು ಹೊಸ ಚಿತ್ರಕಥೆ ಒಯ್ದು ಅವಳೆದುರು ಓದಿದೆ. ಉಳ್ಳಾಗಡ್ಡಿ ಹೆಚ್ಚುತ್ತ ಕೇಳಿದಳು.

"ಇದರಾಗ ಬಡವರು ಭಾಳ ಛಲೋ ಮಾತಾಡ್ತಾರ್ರಿ ಸರ್. ಒಬ್ಬರರೆ ಬೈಯಂಗಿಲ್ಲೇನ್ರಿ?"

ಅಲ್ಲೇ ಆರು ಪುಟ ಹರಿದೆ. ಉಳಿದದ್ದನ್ನು ಕೇಳಲು ಅವಳಿಗೆ ಪುರಸೊತ್ತಿರಲಿಲ್ಲ. ನೂರಿಪ್ಪತ್ತು ಹುಡುಗಿಯರು ಊಟಕ್ಕೆ ಬರುವ ಹೊತ್ತಾಗಿತ್ತು.