ದಾರಿಗೆ ಎರಚಿದ ಇಸವಿಗಳು

ಇವತ್ತು ಬೆಳಿಗ್ಗೆ ರಾಯಚೂರಿನ ನಮ್ಮ ಓಣಿಯಲ್ಲಿ ಯಾರದೋ ಶವಯಾತ್ರೆ ಹೋಗಿತ್ತು. ರಸ್ತೆ ತುಂಬ ಚುರುಮುರಿ, ನಡುನಡುವೆ ಒಂದೊಂದು ರೂಪಾಯಿಯ ನಾಣ್ಯ. ಊದಿನಕಡ್ಡಿಯ ವಾಸನೆ ಇನ್ನೂ ಆರಿರಲಿಲ್ಲ. ಸತ್ತವರಿಗೆ ಕೈಮುಗಿಯಬೇಕಾದವಳು ನಾನು, ಹಲ್ಲು ಕಡಿಯುತ್ತ ನಿಂತೆ. ಮಾನ್ವಿಯ ಚಿಗವ್ವ ನೆನಪಾಗಿದ್ದಳು...

ಸ್ವಂತ ಚಿಗವ್ವ ಅಲ್ಲ, ನಾನು ಚಿಕ್ಕವಳಿದ್ದಾಗ ಅಲ್ಲಿ ನಮ್ಮ ಪಕ್ಕದ ಮನೆಯವಳು. ಅಕ್ಕಿ ಗಿರಣಿಯವರ ಮನೆಯ ಹಿರಿಯಳು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಆಕೆ ಬಾಗಿಲ ಬೆಳಕಿಗೆ ಕೂತು ನಿಜಾಮರ ಕಾಲದ ತಾಮ್ರದ ನಾಣ್ಯಗಳನ್ನು ಹರವುತ್ತಿದ್ದಳು. ಗಿರಣಿಗೆ ಬರುತ್ತಿದ್ದ ಕಲ್ಲೂರು, ಮಲ್ಲಟದ ಹೆಂಗಸರು ತಂದುಕೊಟ್ಟವು. ಆಕೆ ಕಲಿಸಿದ ಉರ್ದು ಅಂಕಿಗಳನ್ನು ನಾನು ಜಂಬದಿಂದ ಓದಿ ಹೇಳಿದರೆ ಬೈಗುಳವೇ ಬಹುಮಾನ.

"ಇಸವಿ ಓದಬ್ಯಾಡಲೇ, ಅದು ಎಲ್ಲಿ ಕುಂತದ ನೋಡು!"

ಸೀರೆಯಿಂದ ಒಂದು ಎಳೆ ಕಿತ್ತು ಅಂಕಿಗಳ ಬುಡಕ್ಕೆ ಅಡ್ಡ ಹಿಡಿಯುತ್ತಿದ್ದಳು. ಇಸವಿ ಒಂದೇ ಆದರೂ ಒಂದು ನಾಣ್ಯದಲ್ಲಿ ಅಂಕಿಗಳು ಅಂಚಿಗೆ ಒತ್ತಿಕೊಂಡಿದ್ದರೆ, ಇನ್ನೊಂದರಲ್ಲಿ ನಡುವಿನ ಬರಹದ ಕಡೆಗೆ ಸರಿದಿರುತ್ತಿದ್ದವು. ಅಂದರೆ ಅವು ಬೇರೆ ಬೇರೆ ಅಚ್ಚಿನಲ್ಲಿ ಹುಟ್ಟಿದವು. ಒಂದೊಂದು ಅಚ್ಚಿಗೂ ಒಂದೊಂದು ಬಟ್ಟೆಯ ಗಂಟು. ಒಂದು ಗಂಟಿನಲ್ಲಿ ಮಾತ್ರ ಒಂಟಿ ನಾಣ್ಯವಿತ್ತು. ಅದರ ಕೊನೆಯ ಅಂಕಿ ಎಳೆಯಿಂದ ಕೆಳಗೆ ಜಾರಿತ್ತು. ಅಂಥದ್ದನ್ನು ಆಕೆ ಬೇರೆಲ್ಲೂ ಕಂಡಿರಲಿಲ್ಲ.

"ಒಂದ ಇದ್ರ ಅಚ್ಚಿನ ಏಟು ತಪ್ಪಿ ಬಿದ್ದದ ಅಂತಾರ. ಇಂಥದ್ದ ಇನ್ನೊಂದು ಸಿಗ್ಲಿ, ಅಚ್ಚ ಬ್ಯಾರೆ ಅಂತ ಒಪ್ಪಲೇಬೇಕು."

ಅದರ ಜೋಡಿಗಾಗಿ ದೇವದುರ್ಗದ ಸಂತೆಯನ್ನೂ ಬಿಡಲಿಲ್ಲ. ಸಿಗಲಿಲ್ಲ.

ಆಕೆಯನ್ನು ಮಣ್ಣಿಗೆ ಒಯ್ಯುವಾಗ ಮಗ ಬುಟ್ಟಿ ಹಿಡಿದು ಚುರುಮುರಿ ಎರಚುತ್ತಿದ್ದ. ನನ್ನ ಕಾಲಿಗೆ ಏನೋ ಬಡಿಯಿತು. ನೋಡಿದರೆ ತಾಮ್ರ! ಪುಣ್ಯಾತ್ಮ, ಎಲ್ಲ ಗಂಟುಗಳನ್ನೂ ಬಿಚ್ಚಿ ಬುಟ್ಟಿಗೆ ಸುರಿದಿದ್ದ.

"ಅಣ್ಣಾ, ಏನ್ ಮಾಡಾಕತ್ತೀಯೋ?" ಎಂದು ಕೈ ಹಿಡಿದೆ.

"ಅವ್ವ ಕೂಡಿಟ್ಟಿದ್ದು ಅವ್ವನ ಮ್ಯಾಲೇ ಹಾರಿಸಾಕತ್ತೀನಿ. ಅಂಗಡ್ಯಾಗ ನಡಿಯೂದಿಲ್ಲ, ಮನ್ಯಾಗ ಇಟ್ಕೊಂಡು ಏನ್ ಮಾಡ್ಲಿ?"

"ಹೆಣದ ಮುಂದ ಜಗಳ ಬ್ಯಾಡವ್ವ," ಎಂದು ಹಿರಿಯರೊಬ್ಬರು ನನ್ನನ್ನೇ ಪಕ್ಕಕ್ಕೆ ಸರಿಸಿದರು. ತುಂಬು ಬಾಳು ಬಾಳಿದವಳ ಮೇಲೆ ಹಾರಿಸಿದ ನಾಣ್ಯ ತೊಟ್ಟಿಲಿಗೆ ಕಟ್ಟಿದರೆ ಮಗುವಿಗೆ ಒಳ್ಳೆಯದಂತೆ, ಜನ ಆರಿಸಿ ಸೆರಗಿಗೆ ಕಟ್ಟಿಕೊಂಡರು. ಉಳಿದದ್ದು ಚರಂಡಿಗೆ. ನಾನು ಧೂಳಿನಲ್ಲಿ ಮೊಣಕಾಲೂರಿ ಹುಡುಕಿದೆ. ಆ ಒಂಟಿ ನಾಣ್ಯ ಸಿಗಲಿಲ್ಲ. ಅಳು ಕೂಡ ಬರಲಿಲ್ಲ, ಅಷ್ಟು ಸಿಟ್ಟು ಬಂದಿತ್ತು. ಹೆತ್ತವಳು ವರ್ಷಗಟ್ಟಲೆ ಕಣ್ಣು ನೋಯಿಸಿಕೊಂಡು ಬೇರ್ಪಡಿಸಿದ್ದನ್ನು ಒಮ್ಮೆಯಾದರೂ ಏನೆಂದು ಕೇಳಿದ್ದನೇ ಅವನು? ಇವತ್ತಿಗೂ ಅವನನ್ನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ.

ಹೋದ ತಿಂಗಳು ಗೂಗಲ್ ಎಂಬ ಹಳ್ಳಿಯ ಅಜ್ಜಿಯೊಬ್ಬರು ದೇವರ ಜಗುಲಿಯಿಂದ ತಾಮ್ರದ ನಾಣ್ಯವೊಂದನ್ನು ತೆಗೆದು ನನ್ನ ಕೈಗಿಟ್ಟರು. "ನಮ್ಮತ್ತಿ ಕಾಲದಿಂದ ಇಲ್ಲೇ ಅದ. ನಿನಗ ಇವು ಸೇರ್ತಾವಂತಲ್ಲ, ಇಟ್ಕೊ ಯವ್ವಾ." ಎಳೆ ಹಿಡಿದು ನೋಡಿದೆ. ಅದೇ ಇಸವಿ. ಕೊನೆಯ ಅಂಕಿ ಕೆಳಗೆ ಜಾರಿತ್ತು.

ನಿನ್ನ ಮಾತು ಖರೆ ಇತ್ತು ಚಿಗವ್ವ, ಅಚ್ಚು ಬೇರೆಯೇ... ಆದರೆ ಯಾವುದರ ಪಕ್ಕಕ್ಕಿಟ್ಟು ತೋರಿಸಲಿ? ನನ್ನ ಹತ್ತಿರವೂ ಈಗ ಇರುವುದು ಒಂದೇ. ತೋರಿಸಿದವರೆಲ್ಲ ಏಟು ತಪ್ಪಿ ಬಿದ್ದಿದೆ ಅನ್ನುತ್ತಾರೆ.