ಗೆಳೆಯ ಬರೆದ ಎರಡು ಉತ್ತರಗಳು

ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಮಹಾಲಿಂಗಪ್ಪನಿಗೆ ತೆರೆಯದ ಬಾಗಿಲು ಇರಲಿಲ್ಲ. ಅದಕ್ಕೆ ಅವನ ಗುಣ ಕಾರಣವೆಂದರೆ ಅವನೇ ನಕ್ಕಾನು. ಕಾರಣ ಅವನ ಬೆರಳುಗಳು. ಮಗ್ಗದ ಮೇಲಿನ ಹಾಸು, ಅಂದರೆ ಸೀರೆಯ ಉದ್ದನೆಯ ಎಳೆಗಳು, ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಒಂದು ಸೀರೆಯ ಅಗಲಕ್ಕೆ ಮೂರು ಸಾವಿರದ ಹತ್ತಿರ ಎಳೆ. ಬೆರಳಿಗೆ ಬೂದಿ ಸವರಿಕೊಂಡು ಮಗ್ಗದ ಹಿಂದೆ ಕೂತನೆಂದರೆ ಮಹಾಲಿಂಗಪ್ಪ ತಲೆ ಎತ್ತುತ್ತಿದ್ದುದು ಊಟಕ್ಕೆ ಮಾತ್ರ. ಮೊದಲ ಅರ್ಧ ತಾಸು ಮನೆಯವರು ಹೊರಗಿನವನೊಬ್ಬ ಇದ್ದಾನೆಂದು ದನಿ ತಗ್ಗಿಸಿ ಮಾತಾಡುತ್ತಿದ್ದರು. ಆಮೇಲೆ ಅವನನ್ನು ಮರೆತೇಬಿಡುತ್ತಿದ್ದರು.

ಹೀಗೆ ಮೂವತ್ತೈದು ವರ್ಷ ಮರೆತುಹೋದವನಾಗಿ ಕೂತು ಅವನು ಕೇಳಿದ್ದು ಒಂದೆರಡಲ್ಲ. ಮೊದಲ ರಾತ್ರಿ ಹೆದರಿ ಅಟ್ಟ ಹತ್ತಿದ ಗಂಡುಗಳ ಸುದ್ದಿ, ಹೊಟ್ಟೆನೋವನ್ನು ಎರಡು ವರ್ಷ ಸೆರಗಿನಲ್ಲಿ ಮುಚ್ಚಿಕೊಂಡ ಹೆಂಗಸರ ಸುದ್ದಿ. ಕೇಳಿದ್ದನ್ನು ಯಾರಿಗೂ ಹೇಳುವವನಲ್ಲ ಎಂಬ ಹೆಸರೂ ಅವನಿಗಿತ್ತು. ಆ ಹೆಸರು ಅರ್ಧ ಮಾತ್ರ ಖರೆ. ಯಾಕೆಂದರೆ ಅವನು ಅದನ್ನೆಲ್ಲ ಬರೆಯುತ್ತಿದ್ದ.

ಜಮಖಂಡಿಯಿಂದ ಹೊರಡುವ ಒಂದು ವಾರಪತ್ರಿಕೆಯ ಸಂಪಾದಕ ಸಾತಪ್ಪ ಇವನಿಗೆ ಸಾಲಿಯಲ್ಲಿ ಜೊತೆಗೆ ಓದಿದ ಗೆಳೆಯ. ಇಪ್ಪತ್ತು ವರ್ಷದ ಹಿಂದೆ ಪತ್ರಿಕೆಗೆ ಒಬ್ಬ ಹುಡುಗ ಗಂಡಹೆಂಡಿರ ವಿಷಯದಲ್ಲಿ ಏನೋ ಕೇಳಿ ಬರೆದಿದ್ದ. ಊರಿನ ಡಾಕ್ಟರರೊಬ್ಬರು ಉತ್ತರ ಬರೆಯಲು ನಾಚಿದರು. ಸಾತಪ್ಪ ತಮಾಷೆಗೆ ಪತ್ರವನ್ನು ಮಹಾಲಿಂಗಪ್ಪನ ಕೈಗೆ ಕೊಟ್ಟ. ಮಹಾಲಿಂಗಪ್ಪ ತಮಾಷೆ ಮಾಡಲಿಲ್ಲ. ಗ್ರಂಥಾಲಯದಿಂದ ದಪ್ಪ ಪುಸ್ತಕ ತಂದು ಓದಿದ, ಮುಧೋಳದ ನಿವೃತ್ತ ವೈದ್ಯರೊಬ್ಬರ ಕಟ್ಟೆಯ ಮೇಲೆ ಕೂತು ಕೇಳಿದ, ನಂತರ ಮನೆಯ ಅಣ್ಣನೊಬ್ಬ ಹೇಳುವಂತೆ ಸರಳವಾಗಿ ಉತ್ತರ ಬರೆದ. ಕೆಳಗೆ ‘ಗೆಳೆಯ’ ಎಂದು ಸಹಿ ಮಾಡಿದ. ಅಂದಿನಿಂದ ‘ನಾಚದೆ ಕೇಳಿ’ ಅಂಕಣ ಒಂದು ವಾರವೂ ತಪ್ಪಲಿಲ್ಲ. ಮಗ್ಗದ ಹಿಂದೆ ಕೂತು ಕೇಳಿದ್ದೆಲ್ಲ ಊರು ಹೆಸರಿಲ್ಲದೆ ಆ ಉತ್ತರಗಳೊಳಗೆ ಬರುತ್ತಿತ್ತು. ಗೆಳೆಯ ಯಾರೆಂದು ಸಾತಪ್ಪನೊಬ್ಬನಿಗೇ ಗೊತ್ತು.

ಅಂಕಣದಿಂದ ಎರಡು ಪುಸ್ತಕ ಬಂದವು. ಜಮಖಂಡಿ ಬಸ್‌ಸ್ಟ್ಯಾಂಡಿನ ಅಂಗಡಿಯವನು ಅವನ್ನು ಪಂಚಾಂಗದ ಕೆಳಗಿಟ್ಟು, ಕೇಳಿದವರಿಗೆ ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ. ಹಿಪ್ಪರಗಿಯ ಕಬ್ಬಿನ ಗದ್ದೆಯಲ್ಲಿ ಟ್ರ್ಯಾಕ್ಟರಿನ ನೆರಳಿಗೆ ಕೂತು ಓದಿದವರಿದ್ದಾರೆ. ರನ್ನ ಬೆಳಗಲಿಯ ಮಾಸ್ತರರೊಬ್ಬರು ಮದುವೆಗಳಲ್ಲಿ ಉಡುಗೊರೆ ಕೊಡುವ ಆಯೇರಿನ ಬಟ್ಟೆಯ ನಡುವೆ ಒಂದು ಪ್ರತಿ ತೂರಿಸಿ, ಏನೂ ತಿಳಿಯದವರಂತೆ ಪಂಕ್ತಿಗೆ ಹೋಗಿ ಕೂರುತ್ತಿದ್ದರಂತೆ. ಗೋಡೆಗಳ ಮೇಲಿನ ಗುಪ್ತರೋಗದ ಜಾಹೀರಾತು ನಂಬಿ ಹೊಲ ಮಾರಲಿದ್ದ ಎಷ್ಟೋ ಜನ ಆ ಪುಸ್ತಕದಿಂದ ಬಚಾವಾದರು. ಇಷ್ಟು ಒಳ್ಳೆಯದನ್ನು ಮಾಡಿದವನಿಗೆ ಮನಸ್ಸು ಹಗುರಾಗಿರಬೇಕಿತ್ತು. ಇರಲಿಲ್ಲ.

ಮಹಾಲಿಂಗಪ್ಪನ ಮನಸ್ಸು ಹೋಗುತ್ತಿದ್ದುದು ಗಂಡಸರ ಮೇಲೆ. ಹದಿನೈದನೆಯ ವಯಸ್ಸಿನಲ್ಲಿ ತಿಳಿದದ್ದು ಐವತ್ತೆಂಟಾದರೂ ಬದಲಾಗಿರಲಿಲ್ಲ. ಮದುವೆ ಮಾಡಿಕೊಳ್ಳಲಿಲ್ಲ. ಊರು ಅವನನ್ನು ಅರ್ಧ ಸನ್ಯಾಸಿ ಎಂದು ತಿಳಿದು ಸುಮ್ಮನಾಯಿತು. ಆ ಸುಮ್ಮನಿರುವಿಕೆಯ ಮೇಲೆಯೇ ಅವನ ಅನ್ನ ನಿಂತಿತ್ತು. ಸಂಶಯ ಹುಟ್ಟಿದರೆ ಯಾವ ಮನೆಯವರು ಮಗ್ಗದ ಹಿಂದೆ ಕೂರಿಸಿಕೊಳ್ಳುತ್ತಾರೆ?

ಅಂಕಣ ಶುರುವಾಗಿ ನಾಲ್ಕನೆಯ ವರ್ಷ ಹೆಸರಿಲ್ಲದ ಪತ್ರವೊಂದು ಬಂತು, ಮೇಲೆ ಬನಹಟ್ಟಿ ಅಂಚೆಯ ಮುದ್ರೆ. “ನನಗೆ ಹೆಂಗಸರ ಮೇಲೆ ಮನಸ್ಸಿಲ್ಲ, ಗಂಡಸರ ಮೇಲಿದೆ. ಚಿಮ್ಮಡದ ಹೆಣ್ಣು ಗೊತ್ತಾಗಿದೆ, ವೈಶಾಖದಲ್ಲಿ ಮದುವೆ. ಬೇಡವೆನ್ನಲೋ, ಆಗಲೋ? ನೀವು ಹೇಳಿದಂತೆ ಮಾಡುತ್ತೇನೆ.”

ಮಹಾಲಿಂಗಪ್ಪ ಎರಡು ದಿನ ಉಣ್ಣಲಿಲ್ಲ. ಅಂಥವನಿಗೆ ಮರುಕ ತೋರಿಸಿ ಬರೆದರೆ, ಗೆಳೆಯನೂ ಅಂಥವನೇ ಇರಬೇಕು ಎಂದು ಓದುಗರು ಮೂಸಿ ನೋಡುತ್ತಾರೆ. ಕಡೆಗೆ ಬರೆದ: “ಇದು ವಯಸ್ಸಿನ ಗೊಂದಲ. ಮದುವೆಯಾಗಿ. ಒಳ್ಳೆಯ ಹೆಂಡತಿ ಬಂದರೆ ಎಲ್ಲ ಸರಿಹೋಗುತ್ತದೆ.” ಆಗ ಅವನಿಗೆ ನಲವತ್ತೆರಡು, ಮತ್ತು ವಯಸ್ಸಿನ ಗೊಂದಲ ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಸುಳ್ಳೆಂದು ಗೊತ್ತಿದ್ದೇ ಬರೆದ. ಮೊದಲ ಪುಸ್ತಕದಲ್ಲಿ ಅದು ನಲವತ್ಮೂರನೆಯ ಪುಟವಾಯಿತು.

ಆ ವೈಶಾಖದಲ್ಲಿ ಚಿಮ್ಮಡದಿಂದ ಬನಹಟ್ಟಿಗೆ ಬಂದ ಸೊಸೆ ಒಬ್ಬಳೇ, ಪೂರ್ಣಿಮಾ. ಗಂಡು ದಶರಥ, ಮಹಾಲಿಂಗಪ್ಪ ತಿಂಗಳಿಗೊಮ್ಮೆ ಹಾಸು ಕೆಚ್ಚಲು ಹೋಗುತ್ತಿದ್ದ ಮನೆಯ ಮಗ. ಮಹಾಲಿಂಗಪ್ಪ ಮದುವೆಗೆ ಹೋದ. ಕೈಯಲ್ಲಿದ್ದ ಅಕ್ಕಿಕಾಳನ್ನು ಬಹಳ ಹೊತ್ತು ಹಿಡಿದುಕೊಂಡೇ ಇದ್ದು, ಎಲ್ಲರೂ ಹಾಕಿ ಮುಗಿಸಿದ ಮೇಲೆ ಹಾಕಿದ.

ಎರಡನೆಯ ಪತ್ರ ಬಂದದ್ದು ಅದಾಗಿ ಹತ್ತು ವರ್ಷಕ್ಕೆ. ಹೆಂಗಸಿನ ಕೈಬರಹ. “ಗಂಡ ಒಳ್ಳೆಯವರು. ಒಂದು ದಿನ ನನ್ನ ಮೇಲೆ ಕೈ ಎತ್ತಿಲ್ಲ. ಒಂದು ದಿನ ಹತ್ತಿರವೂ ಬಂದಿಲ್ಲ. ಊರು ನನಗೆ ಬಂಜಿ ಅನ್ನುತ್ತದೆ. ಗುಳಿಗೆ ನುಂಗಿದೆ, ಹರಕೆ ಹೊತ್ತೆ. ನನ್ನಲ್ಲಿ ಏನು ಕಡಿಮೆ ಇದೆ ಹೇಳಿ.” ಯಾರ ಪತ್ರವೆಂದು ಹೇಳಬೇಕಾದ್ದೇ ಇರಲಿಲ್ಲ. ಹಿಂದಿನ ವಾರವಷ್ಟೇ ಆ ಮನೆಯಲ್ಲಿ ಮಗ್ಗದ ಹಿಂದೆ ಕೂತಾಗ ದಶರಥನ ತಾಯಿ ಹೊಳೆವ್ವ ಸೊಸೆಗೆ ಕಾಣುವಂತೆ ಖಾಲಿ ತೊಟ್ಟಿಲು ತೂಗುತ್ತಿದ್ದುದನ್ನು ಅವನು ಕಣ್ಣಾರೆ ನೋಡಿದ್ದ.

ನಿಜ ಬರೆದರೆ ಅವಳು ಗಂಡನನ್ನು ಕೇಳುತ್ತಾಳೆ, ದಶರಥ ಊರಲ್ಲಿ ಮುಖ ಎತ್ತದಂತಾಗುತ್ತಾನೆ. ತನ್ನಂಥವನೊಬ್ಬನ ಮಾನ ಹೋಗುತ್ತದೆ ಎಂದು ಮಹಾಲಿಂಗಪ್ಪನ ಜೀವ ಮರುಗಿತು. ಹೆಣ್ಣಿನದೂ ಒಂದು ಜೀವ ಎಂಬುದು ಆ ಹೊತ್ತಿಗೆ ಅವನ ಎಣಿಕೆಗೆ ಬರಲಿಲ್ಲ. “ತಾಳ್ಮೆ ಇರಲಿ. ಗಂಡನ ಮನಸ್ಸು ಗೆಲ್ಲಲು ನೋಡಿ. ಅತ್ತೆ ಖಾಲಿ ತೊಟ್ಟಿಲು ತೂಗಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದು ಬರೆದ. ಗಂಡಸು ಗಂಡಸನ್ನು ಪ್ರೀತಿಸುವುದು ಅಪರಾಧವಲ್ಲ ಎಂದು ಕೋರ್ಟಿನ ತೀರ್ಪು ಬಂದ ಹೊಸತು ಅದು. ಅದೇ ಧೈರ್ಯದಲ್ಲಿ ಎರಡನೆಯ ಪುಸ್ತಕದ ಮುನ್ನುಡಿಯಲ್ಲಿ “ನಾನು ಗಂಡಸರನ್ನು ಪ್ರೀತಿಸುವ ಗಂಡಸು” ಎಂದು ಗೆಳೆಯ ಬರೆದುಕೊಂಡ. ಊರೂರುಗಳಿಂದ ಮೆಚ್ಚುಗೆಯ ಪತ್ರ ಬಂದವು. ಮುನ್ನುಡಿಯಲ್ಲಿ ಅಷ್ಟು ಧೈರ್ಯ, ಆ ಉತ್ತರವಿದ್ದ ಎಪ್ಪತ್ತೊಂದನೆಯ ಪುಟದಲ್ಲಿ ಇಷ್ಟು ಹೇಡಿತನ. ಎರಡೂ ಒಂದೇ ಪುಸ್ತಕದಲ್ಲಿ ಅಚ್ಚಾದವು.

ಆಮೇಲೂ ಅವನು ಆ ಮನೆಗೆ ಹೋಗುತ್ತಲೇ ಇದ್ದ. ಹೊಳೆವ್ವ ತೀರಿಕೊಂಡಳು. ತೊಟ್ಟಿಲು ಅಲ್ಲೇ ಉಳಿಯಿತು, ಪೂರ್ಣಿಮಾ ಅದರಲ್ಲಿ ನೂಲು ಸುತ್ತಿದ ಕಂಡಕಿಗಳನ್ನು ತುಂಬಿಡತೊಡಗಿದಳು. ಅವಳು ಕೊಟ್ಟ ಚಹಾವನ್ನು ಮಹಾಲಿಂಗಪ್ಪ ತಲೆ ಎತ್ತದೆ ಕುಡಿಯುತ್ತಿದ್ದ.

ಈ ವರ್ಷ ಸಾತಪ್ಪ ಹೊಸ ಮಾತು ತೆಗೆದ. “ಇಪ್ಪತ್ತ ವರ್ಷದ್ದೆಲ್ಲಾ ಕೂಡಿಸಿ ಒಂದ ದಪ್ಪ ಪುಸ್ತಕ ತರೂಣು. ಈ ಸಲನರೆ ಹೆಸರ ಹಾಕೂಣೇನೋ?”

“ಬ್ಯಾಡೋ ಮಾರಾಯಾ. ಊರಾಗ ಬಾಳೇ ಮಾಡಬೇಕ ನಾ.”

“ಆತು ಬಿಡು.”

“ಮತ್ತ, ಎರಡ ಪುಟ ತಗೀಬೇಕು. ಹಳೇವು ಆಗ್ಯಾವು.” ಯಾವ ಎರಡು ಎಂದು ಮಹಾಲಿಂಗಪ್ಪ ಗುರುತು ಹಾಕಿ ಕೊಟ್ಟ. ಸಾತಪ್ಪ ಹೆಚ್ಚು ಕೇಳಲಿಲ್ಲ. ಪುಸ್ತಕ ಬರುತ್ತದೆಂದು ಪತ್ರಿಕೆಯಲ್ಲಿ ಜಾಹೀರಾತು ಹಾಕಿದ.

ಅದಾದ ವಾರಕ್ಕೆ ದಶರಥನ ಮನೆಯ ಹಾಸು ಮುಗಿಯಿತು. ದಶರಥ ನೂಲು ತರಲು ರಬಕವಿಗೆ ಹೋಗಿದ್ದ. ಕೆಚ್ಚುವವನಿಗೆ ಎದುರು ಕೂತು ಎಳೆ ಎತ್ತಿಕೊಡಲು ಒಬ್ಬರು ಬೇಕು, ಪೂರ್ಣಿಮಾ ಕೂತಳು. ಪಕ್ಕದ ಮನೆಗಳ ಪವರ್‌ಲೂಮ್ ಕಟಕಟ ಬಡಿಯುತ್ತಿದ್ದವು. ಸಾವಿರ ಎಳೆಯಾಗಿರಬೇಕು.

“ಕಾಕಾ,” ಅಂದಳು ಪೂರ್ಣಿಮಾ, “ತೊಟ್ಟಲದ ಸುದ್ದಿ ನಾ ಪತ್ರದಾಗ ಬರದಿದ್ದಿಲ್ಲ.”

ಮಹಾಲಿಂಗಪ್ಪನ ಬೆರಳು ನಿಲ್ಲಲಿಲ್ಲ. ನಿಂತರೆ ಒಪ್ಪಿಕೊಂಡಂತೆ ಎಂದು ಬೆರಳಿಗೇ ತಿಳಿದಿತ್ತೋ ಏನೋ. “ಯಾವ ಪತ್ರವ್ವ?” ಅಂದ.

“ನಮ್ಮತ್ತಿ ತೊಟ್ಟಲಾ ತೂಗೂದನ್ನ ಹೊರಗಿನವರು ಕಂಡಿಲ್ರಿ. ಕಂಡವರು ನೀವೊಬ್ಬರು, ಈ ಜಾಗಾದಾಗ ಕುಂತು. ಗೆಳೆಯ ಯಾರಂತ ಆ ಉತ್ತರಾ ಓದಿದ ದಿನಾನ ನನಗ ಗೊತ್ತಾತು.”

“ಅಷ್ಟ ವರ್ಷದಿಂದ ಗೊತ್ತೈತೇನವ್ವ?”

“ಹೂಂ. ತಾಳ್ಮಿ ಇರ್ಲಿ ಅಂತ ನೀವ ಬರದಿದ್ರೆಲ್ಲ, ತಾಳಿದೆ.” ಅವಳು ಇನ್ನೊಂದು ಜೊತೆ ಎಳೆ ಎತ್ತಿಕೊಟ್ಟಳು. “ಅವರ ಪತ್ರದ ಸುದ್ದಿ ಮಾತ್ರ ಹ್ವಾದ ಶ್ರಾವಣದಾಗ ತಿಳೀತು. ಅವರ ಟ್ರಂಕಿನ್ಯಾಗ ನಿಮ್ಮ ಮದಲನೇ ಪುಸ್ತಕ ಇತ್ತು, ನಲವತ್ಮೂರನೇ ಪುಟಾ ಮಡಚಿತ್ತು. ಕೇಳಿದೆ. ಅತಗೋಂತ ಎಲ್ಲಾ ಹೇಳಿದ್ರು.”

“ಅವನ ಮ್ಯಾಲ ಸಿಟ್ಟಾಗಬ್ಯಾಡವ್ವ.”

“ಅವರ ಮ್ಯಾಲ ಯಾಕ್ರಿ ಸಿಟ್ಟು? ಅವರು ಕೇಳಿದ್ರು. ನೀವು ಹೇಳಿದ್ರಿ.”

ಮಹಾಲಿಂಗಪ್ಪನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

“ಒಂದ ಖರೇ ಹೇಳ್ರಿ ಕಾಕಾ. ಇಬ್ಬರೂ ಒಂದ ಮನಿಯವರು ಅಂತ ನಿಮಗ ಗೊತ್ತಿತ್ತೇನು?”

ಗೊತ್ತಿರಲಿಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು ಕೂಡ. “ಗೊತ್ತಿತ್ತು,” ಅಂದ.

“ಯಾವಾಗಿಂದ?”

“ನಿಮ್ಮ ಮದವ್ಯಾಗ ಅಕ್ಕಿಕಾಳ ಹಾಕಿದಾಗಿಂದ.”

ಪೂರ್ಣಿಮಾ ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದಳು. ಮತ್ತೆ ಎದುರು ಕೂತು ಎಳೆ ಎತ್ತಿಕೊಡತೊಡಗಿದಳು.

ಇಳಿಹೊತ್ತಿಗೆ ಹಾಸಿನ ಆಚೆ ಬದಿಯ ಅಂಚು ತಲುಪಿದಾಗ ಹೊಸ ಹಾಸಿನ ಒಂದು ಎಳೆ ಜೋಡಿಯಿಲ್ಲದೆ ಉಳಿದಿತ್ತು. ನಡುವೆ ಎಲ್ಲೋ ಹಳೆಯ ಎರಡು ಎಳೆ ಹೊಸದೊಂದಕ್ಕೇ ಕೂಡಿವೆ, ಅಲ್ಲಿಂದ ಮುಂದಿನದೆಲ್ಲ ಒಂದೊಂದು ಎಳೆ ಸರಿದಿದೆ. ಮೂವತ್ತೈದು ವರ್ಷದಲ್ಲಿ ಮಹಾಲಿಂಗಪ್ಪನಿಗೆ ಇದು ಆದದ್ದಿಲ್ಲ.

“ಕತ್ತರಿಸಿ ಒಗೀರಿ,” ಅಂದಳು ಪೂರ್ಣಿಮಾ. “ಒಂದ ಎಳಿ ಯಾರಿಗಿ ಕಾಣತೈತಿ?”

“ನಿನಗ ಕಾಣತೈತಿ,” ಅಂದ ಮಹಾಲಿಂಗಪ್ಪ. ತಪ್ಪು ಎಲ್ಲಿದೆಯೆಂದು ಹುಡುಕಬೇಕಾಗಿರಲಿಲ್ಲ. ತೊಟ್ಟಿಲಿನ ಮಾತು ಬಂದ ಜಾಗಕ್ಕೇ ಬೆರಳು ಹೋಯಿತು. ಅಲ್ಲಿಂದ ಈಚೆಗಿನ ಎರಡು ಸಾವಿರ ಎಳೆಯನ್ನು ಒಂದೊಂದಾಗಿ ಬಿಚ್ಚತೊಡಗಿದ. ಬಿಚ್ಚುತ್ತ, ಅವಳ ಮುಖ ನೋಡದೆ ಹೇಳಿದ: “ಹೊಸಾ ಪುಸ್ತಕದಾಗಿಂದ ಆ ಎರಡೂ ಪುಟ ತಗಸೇನಿ.”

“ಯಾಕ್ರಿ?”

“ನಾಚಿಕಿ ಆತವ್ವ.”

“ನಾಚಬ್ಯಾಡ್ರಿ ಅಂತ ಊರಿಗೆಲ್ಲಾ ಹೇಳಿದವರು ನೀವು.” ಮೊದಲ ಸಲ ಅವಳ ದನಿ ಏರಿತು. “ತಗೀಬ್ಯಾಡ್ರಿ. ಹದಿನಾರ ವರ್ಷ ಸುಳ್ಳಿನ ಸಂಸಾರಾ ಮಾಡೇನಿ, ಅದನ್ನೂ ಇಲ್ಲ ಅನಸಬ್ಯಾಡ್ರಿ. ಅವರದು ನಂದು ಒಂದರ ಬಾಜೂಕ ಒಂದ ಇಡ್ರಿ. ತೊಟ್ಟಲಾ ಒಂದ ಅಳಸ್ರಿ, ಅದು ನನ್ನ ಮನೀದು.”

ಪುಸ್ತಕ ಬಂತು. ಎದುರುಬದುರು ಪುಟಗಳಲ್ಲಿ ಆ ಎರಡು ಪತ್ರ, ಹಳೆಯ ಎರಡು ಉತ್ತರ. ತೊಟ್ಟಿಲೂ ಇರಲಿಲ್ಲ, ಚಿಮ್ಮಡದ ಹೆಸರೂ ಇರಲಿಲ್ಲ. ಕೆಳಗೆ ಹೊಸದಾಗಿ ಇಷ್ಟಿತ್ತು: “ಇವೆರಡೂ ಸುಳ್ಳು. ಬರೆಯುವಾಗಲೇ ನನಗೆ ಗೊತ್ತಿತ್ತು. ಮೊದಲನೆಯದನ್ನು ನನ್ನನ್ನು ಉಳಿಸಿಕೊಳ್ಳಲು ಬರೆದೆ, ಎರಡನೆಯದನ್ನು ನನ್ನಂಥವರನ್ನು ಉಳಿಸಲು. ಒಬ್ಬ ಹೆಣ್ಣುಮಗಳಿಗೆ ಆದ ಅನ್ಯಾಯ ನನ್ನ ಕೈಯಿಂದಾಯಿತು.” ಅದರ ಕೆಳಗಿನ ಸಹಿ ಗೆಳೆಯನದಲ್ಲ. ಮಹಾಲಿಂಗಪ್ಪ, ಹಾಸು ಕೆಚ್ಚುವವನು, ಬನಹಟ್ಟಿ ಎಂದಿತ್ತು.

ಅವನು ಹೆದರಿದ್ದೆಲ್ಲ ಆಯಿತು. ಓಣಿಯಲ್ಲಿ ಹೆಂಗಸರು ಅವನನ್ನು ಕಂಡು ಒಳಗೆ ಸರಿದರು. ತಮ್ಮ ಮನೆಯ ಯಾವ ಮಾತು ಯಾವ ಪುಟದಲ್ಲಿದೆಯೋ ಎಂದು ಗಂಡಸರು ಪುಸ್ತಕ ತಿರುವಿ ಹಾಕಿದರು. ಹಾಸು ಮುಗಿದ ಮನೆಗಳು ಬೇರೆಯವರನ್ನು ಕರೆದವು. ಅವರು ಹಾಗೆ ಮಾಡಿದ್ದು ತಪ್ಪೆಂದು ಮಹಾಲಿಂಗಪ್ಪನಿಗೆ ಅನ್ನಿಸಲಿಲ್ಲ. ಬೂದಿಯ ಡಬ್ಬಿಯನ್ನು ಗೋಡೆಯ ಮಾಡಿನಲ್ಲಿ ಎತ್ತಿಟ್ಟ.

ಇಪ್ಪತ್ತೈದು ದಿನದ ಮೇಲೆ ದಶರಥ ಬಂದು ಬಾಗಿಲಲ್ಲಿ ನಿಂತ. ನೆಲ ನೋಡುತ್ತ, “ಹಾಸು ಮುಗೀತ್ರಿ ಕಾಕಾ. ಅಕಿ ನಿಮ್ಮನ್ನ ಕರಕೊಂಬಾ ಅಂದ್ಲು,” ಅಂದ. ಇಬ್ಬರೂ ಓಣಿಯಲ್ಲಿ ಜೊತೆಯಾಗಿ ನಡೆದುಹೋದರು.

ಪೂರ್ಣಿಮಾ ಎದುರು ಕೂತಳು. ಕಾಗದವೊಂದನ್ನು ಮುಂದಿಟ್ಟಳು. ಮೇಲೆ ‘ಗೆಳೆಯ ಅವರಿಗೆ’ ಎಂದಿತ್ತು. “ನನಗೀಗ ಮೂವತ್ತಾರು. ನಿಜ ತಿಳಿಯಿತು. ಗಂಡ ಈಗಲೂ ಒಳ್ಳೆಯವರು. ಇರಲೋ, ಹೋಗಲೋ?”

ಮಹಾಲಿಂಗಪ್ಪ ಅದನ್ನು ಎರಡು ಸಲ ಓದಿದ. ಇಪ್ಪತ್ತು ವರ್ಷದಲ್ಲಿ ಇಂಥ ಸಾವಿರ ಪತ್ರಗಳಿಗೆ ಉತ್ತರ ಕೊಟ್ಟಿದ್ದ. ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡು, ಒಂದು ಪತ್ರಕ್ಕೂ ಮಾಡದ ಕೆಲಸ ಮಾಡಿದ. ತಲೆ ಎತ್ತಿ ಅವಳನ್ನೇ ನೋಡಿ ಕೇಳಿದ:

“ನಿನಗೇನ ಬೇಕವ್ವ?”

ಪೂರ್ಣಿಮಾಳ ಕೈಯ ಎಳೆ ಕೈಯಲ್ಲೇ ನಿಂತಿತು.

“ಇದನ್ನ ಇಷ್ಟ ದಿನಾ ಯಾರೂ ಕೇಳಿದ್ದಿಲ್ರಿ, ಕಾಕಾ,” ಅಂದಳು.